ಐದು ಟನ್ ಜಾಕ್ ಸಾಕೇ? ಟಿ.ಟಿ.ಗೆ ಗಾಲಿಕುರ್ಚಿ ಲಿಫ್ಟ್ ಕೂರಿಸುವ ಮುನ್ನ

ಪ್ರಶ್ನೆ: ನಾವು ಭರಮಸಾಗರದ ಹತ್ತಿರದ ಹಳ್ಳಿಯವರು. ನನ್ನ ಮಗನಿಗೆ 19 ವರ್ಷ. ಸ್ನಾಯು ಸವೆಯುವ ಕಾಯಿಲೆಯಿಂದಾಗಿ ಬ್ಯಾಟರಿ ವೀಲ್‌ಚೇರಿನಲ್ಲೇ ಇರುತ್ತಾನೆ, ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದಾನೆ. ದಿನವೂ ನಾನು ಮತ್ತು ನನ್ನ ತಮ್ಮ ಅವನನ್ನು ಎತ್ತಿ ಕಾರಿನಲ್ಲಿ ಕೂರಿಸುತ್ತಿದ್ದೆವು. ಈಗ ನನ್ನ ಸೊಂಟ ಕೈಕೊಟ್ಟಿದೆ. ಅದಕ್ಕೆಂದೇ ಬಿಳಿ ಬೋರ್ಡಿನ ಹಳೆಯ ಟಿ.ಟಿ. (ಟೆಂಪೋ ಟ್ರಾವೆಲರ್) ಒಂದನ್ನು ಕೊಂಡಿದ್ದೇವೆ. ಹಿಂಬಾಗಿಲಿನ ಬಳಿ ಗಾಡಿಯ ನೆಲ ರಸ್ತೆಯಿಂದ 690 ಮಿ.ಮೀ. ಎತ್ತರದಲ್ಲಿದೆ. ಮಗನ ತೂಕ 58 ಕೆ.ಜಿ., ಕುರ್ಚಿಯದು 92 ಕೆ.ಜಿ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ನಮ್ಮ ಪರಿಚಯದವರೊಬ್ಬರು ಟ್ರೇಲರ್ ಜಾಕನ್ನೇ ಹಾಕಿ 45,000 ರೂಪಾಯಿಗೆ ಲಿಫ್ಟ್ ಮಾಡಿಕೊಡುತ್ತೇನೆ, ಐದು ಟನ್ ಎತ್ತುವ ಜಾಕಿಗೆ ನಿಮ್ಮ ಹುಡುಗ ಯಾವ ಲೆಕ್ಕ ಎನ್ನುತ್ತಾರೆ. ನೆಂಟರು ಮಾತ್ರ ಗಾಡಿಯ ಬ್ಯಾಟರಿ ದಿನಾ ಡೌನ್ ಆಗುತ್ತದೆ, ಆರ್‌ಟಿಒದವರು ಗಾಡಿ ಹಿಡಿಯುತ್ತಾರೆ, ಸುಮ್ಮನೆ ಒಂದು ರ‍್ಯಾಂಪ್ ಹಾಕಿಸಿ ಎನ್ನುತ್ತಾರೆ. ಏನು ಮಾಡಲಿ? ಕಾಲೇಜಿಗೆ ರಜೆ ಇದ್ದಾಗ ಗಾಡಿಯನ್ನು ಬಾಡಿಗೆಗೆ ಬಿಟ್ಟು ಖರ್ಚು ತೆಗೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಅಳತೆಗಳಿವೆ ಎಂಬುದೇ ನನಗೆ ಮೊದಲ ಸಮಾಧಾನ. ಇಂಥ ವಿಚಾರಣೆಗಳಲ್ಲಿ ಹೆಚ್ಚಿನವು ‘ಲಿಫ್ಟ್ ಹಾಕಿಸಲು ಎಷ್ಟಾಗುತ್ತದೆ’ ಎಂಬಲ್ಲಿ ಶುರುವಾಗಿ ಅಲ್ಲಿಯೇ ಮುಗಿಯುತ್ತವೆ. ಆದರೆ ಎಲ್ಲಕ್ಕಿಂತ ಮೊದಲು ಬೇಕಾದ ಒಂದು ಅಳತೆಯನ್ನು ನೀವೂ ಬಿಟ್ಟಿದ್ದೀರಿ. ಅದು ಹಿಂಬಾಗಿಲಿನ ಬಾಯಿಯ ಎತ್ತರ, ಅಂದರೆ ಗಾಡಿಯ ನೆಲದಿಂದ ಬಾಗಿಲಿನ ಮೇಲ್ಚೌಕಟ್ಟಿನವರೆಗಿನ ಅಂತರ. ಮಗನನ್ನು ಕುರ್ಚಿಯಲ್ಲಿ, ಅವನು ದಿನವೂ ಬಳಸುವ ದಿಂಬಿನ ಮೇಲೆ ನೇರವಾಗಿ ಕೂರಿಸಿ, ನೆಲದಿಂದ ನೆತ್ತಿಯವರೆಗೆ ಅಳೆಯಿರಿ. ತಲೆಯಾನಿಕೆ ನೆತ್ತಿಗಿಂತ ಎತ್ತರವಿದ್ದರೆ ಅದರ ತುದಿಯವರೆಗೆ ಅಳೆಯಿರಿ. ಆ ಅಳತೆಗಿಂತ ಬಾಗಿಲು ಕನಿಷ್ಠ 75 ಮಿ.ಮೀ. ಹೆಚ್ಚು ಎತ್ತರವಿರಬೇಕು. ಅಮೆರಿಕದಲ್ಲಿ ಅಂಗವಿಕಲರ ಕಾಯ್ದೆಯಡಿ 1991ರಲ್ಲಿ ಬಂದ ವಾಹನ ನಿಯಮಗಳು, 22 ಅಡಿಯೊಳಗಿನ ಚಿಕ್ಕ ವಾಹನಗಳಿಗೆ ಲಿಫ್ಟ್ ಬಾಗಿಲಿನ ಎತ್ತರ 56 ಇಂಚು, ಅಂದರೆ ಸುಮಾರು 1420 ಮಿ.ಮೀ. ಇರಬೇಕೆನ್ನುತ್ತವೆ. ನಿಮ್ಮ ಟಿ.ಟಿ. ಎತ್ತರದ ಚಾವಣಿಯದಲ್ಲದಿದ್ದರೆ ಈ ಒಂದು ಅಳತೆಯಲ್ಲೇ ಇಡೀ ಯೋಜನೆ ನಿಂತುಹೋಗಬಹುದು. ಲಿಫ್ಟಿಗೆ ಹಣ ಕೊಟ್ಟ ಮೇಲೆ ಹುಡುಗನ ತಲೆ ಚೌಕಟ್ಟಿಗೆ ತಾಗುತ್ತದೆಂದು ತಿಳಿದವರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಪ್ರತಿ ಸಲ ‘ತಲೆ ಬಗ್ಗಿಸಿದರಾಯಿತು’ ಎಂದವರೂ ಇದ್ದಾರೆ. ಕತ್ತಿನ ಸ್ನಾಯು ಸೋತ ಹುಡುಗನಿಗೆ ಆ ಮಾತು ಹೇಳುವಂತಿಲ್ಲ.

ಬಾಗಿಲು ಸಾಕಷ್ಟು ಎತ್ತರವಿದೆ ಎಂದಿಟ್ಟುಕೊಂಡು ಐದು ಟನ್ನಿನ ಮಾತಿಗೆ ಬರೋಣ. ಟ್ರೇಲರ್ ಮಾಡುವವರು ಹೇಳಿದ ಅಂಕಿ ಸುಳ್ಳಲ್ಲ. ಮೆಕ್ಕೆಜೋಳ ತುಂಬಿದ ಟ್ರೇಲರನ್ನು ಎತ್ತಿ ಸುರಿಯುವ ಜಾಕಿಗೆ 150 ಕೆ.ಜಿ. ಏನೂ ಅಲ್ಲ. ಆದರೆ ಮನುಷ್ಯರನ್ನು ಎತ್ತುವ ಯಂತ್ರದಲ್ಲಿ ಸೋಲುವುದು ಸಾಮಾನ್ಯವಾಗಿ ಎತ್ತುವ ಶಕ್ತಿ ಅಲ್ಲ. ಇಳಿಸುವಾಗಿನ ವೇಗ, ಎತ್ತಿದ್ದನ್ನು ಅಲ್ಲಿಯೇ ಹಿಡಿದು ನಿಲ್ಲಿಸುವ ವ್ಯವಸ್ಥೆ, ಅಂಚಿನಲ್ಲಿ ಕುರ್ಚಿ ಜಾರದಂತೆ ತಡೆಯುವ ಪಟ್ಟಿ, ಬೆಸುಗೆ ಹಾಕಿದ ಕಣ್ಣು, ಅದರೊಳಗಿನ ಪಿನ್ನು, ಇವು ಸೋಲುತ್ತವೆ. ಟ್ರೇಲರಿನ ಜಾಕಿಗೆ ಹೋಗುವ ಎಣ್ಣೆಯ ಹೋಸ್ ಒಡೆದರೆ ಜೋಳ ಒಮ್ಮೆಲೇ ಕೆಳಗೆ ಬರುತ್ತದೆ, ಚಾಲಕ ನಾಲ್ಕು ಮಾತು ಬೈದು ಸುಮ್ಮನಾಗುತ್ತಾನೆ. ಅದೇ ಹೋಸ್ ನಿಮ್ಮ ಲಿಫ್ಟಿನಲ್ಲಿ ಒಡೆದರೆ 690 ಮಿ.ಮೀ. ಎತ್ತರದಿಂದ ಕುರ್ಚಿ ಸಮೇತ ಮಗ ಬೀಳುತ್ತಾನೆ. ಇದನ್ನು ತಡೆಯುವ ಸಾಧನ ಬೆರಳಿನ ಗಾತ್ರದ್ದು. ಎಣ್ಣೆಯ ಹರಿವು ಮಿತಿಮೀರಿದ ಕೂಡಲೇ ತಾನೇ ಮುಚ್ಚಿಕೊಳ್ಳುವ ಒಂದು ವಾಲ್ವ್ ಅದು. ಅದನ್ನು ಹೋಸಿನ ಆಚೆ ತುದಿಯಲ್ಲಿ, ಪಂಪಿನ ಬಳಿ ಕೂರಿಸಿದರೆ ಏನೂ ಪ್ರಯೋಜನವಿಲ್ಲ; ಸಿಲಿಂಡರಿನ ಬಾಯಿಗೇ ತಿರುಚಿ ಕೂರಿಸಬೇಕು, ಏಕೆಂದರೆ ಒಡೆಯುವುದು ಅವೆರಡರ ನಡುವಿನ ಹೋಸ್. ನಿಮಗೆ ಲಿಫ್ಟ್ ಮಾಡಿಕೊಡುವವರನ್ನು ‘ಆ ವಾಲ್ವ್ ಎಲ್ಲಿ ಹಾಕುತ್ತೀರಿ’ ಎಂದು ಕೇಳಿ. ಅವರ ಉತ್ತರದಿಂದಲೇ ಈ ಕೆಲಸ ಅವರಿಗೆ ಎಷ್ಟು ಗೊತ್ತಿದೆ ಎಂಬುದು ನಿಮಗೆ ತಿಳಿಯುತ್ತದೆ. ಇನ್ನು ಕೆಲವರು ಜಾಕಿನ ಬದಲು ವಿಂಚ್ ಮತ್ತು ಉಕ್ಕಿನ ಹಗ್ಗ ಸೂಚಿಸುತ್ತಾರೆ. ಕೆಸರಿನಲ್ಲಿ ಹೂತ ಜೀಪನ್ನು ಎಳೆಯಲು ಮಾಡಿದ ವಿಂಚಿನಿಂದ ಮನುಷ್ಯರನ್ನು ಎತ್ತಬಾರದು. ಅದರ ಬ್ರೇಕ್ ಆ ಕೆಲಸಕ್ಕೆ ಮಾಡಿದ್ದಲ್ಲ.

ಎಷ್ಟು ಭಾರಕ್ಕೆ ವಿನ್ಯಾಸ ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮಗ ಮತ್ತು ಕುರ್ಚಿ ಸೇರಿ 150 ಕೆ.ಜಿ. ಆಗಬಹುದು, ಆದರೆ ಒಂದಲ್ಲ ಒಂದು ದಿನ ಅವನನ್ನು ಹಿಡಿದುಕೊಂಡು ನೀವೂ ಲಿಫ್ಟಿನ ಹಲಗೆಯ ಮೇಲೆ ಹತ್ತುತ್ತೀರಿ, ಮಡಿಲಲ್ಲಿ ಪುಸ್ತಕದ ಚೀಲವೂ ಇರುತ್ತದೆ. ಮೇಲೆ ಹೇಳಿದ ಅಮೆರಿಕದ ನಿಯಮ ಲಿಫ್ಟಿನ ಭಾರವನ್ನು 600 ಪೌಂಡ್, ಅಂದರೆ 272 ಕೆ.ಜಿ. ಎಂದು ಹಿಡಿಯುತ್ತದೆ. ಸವೆಯುವ ಭಾಗಗಳಾದ ಹಗ್ಗ, ರಾಟೆ, ದಂಡಗಳು ಅದರ ಆರು ಪಟ್ಟು, ಹಲಗೆ ಮತ್ತು ಚೌಕಟ್ಟು ಮೂರು ಪಟ್ಟು ತಾಳುವಂತಿರಬೇಕು ಎನ್ನುತ್ತದೆ; ಭಾರ ಹೊತ್ತಾಗ ಹಲಗೆ ಮೂರು ಡಿಗ್ರಿಗಿಂತ ಹೆಚ್ಚು ವಾಲಬಾರದು, ಸೆಕೆಂಡಿಗೆ 6 ಇಂಚಿಗಿಂತ ಹೆಚ್ಚು ವೇಗದಲ್ಲಿ ಚಲಿಸಬಾರದು ಎನ್ನುತ್ತದೆ. ನಮ್ಮ ಊರಿನ ಗ್ಯಾರೇಜಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂಬುದು ನಿಜ, ಆದರೆ ನೆಲದ ಸೆಳೆತ ಅಲ್ಲಿಯೂ ಇಲ್ಲಿಯೂ ಒಂದೇ ಆಗಿರುವುದರಿಂದ ನಾನು ಈ ಅಂಕಿಗಳನ್ನೇ ಹಿಡಿದು ಕೆಲಸ ಮಾಡುತ್ತೇನೆ. ಆ ವೇಗಮಿತಿಯ ಪ್ರಕಾರ ನಿಮ್ಮ 690 ಮಿ.ಮೀ. ಇಳಿಯಲು ನಾಲ್ಕೂವರೆ ಸೆಕೆಂಡ್ ಸಾಕು. ಆದರೂ ನಿಮ್ಮ ಮಗನ ಕತ್ತಿನ ಸ್ಥಿತಿ ನೆನೆದು ಹತ್ತರಿಂದ ಹದಿನೈದು ಸೆಕೆಂಡ್ ಇಟ್ಟುಕೊಳ್ಳಿ ಎನ್ನುತ್ತೇನೆ. ಹಲಗೆಯ ಉದ್ದ ಅದೇ ನಿಯಮದಲ್ಲಿ 48 ಇಂಚು, ಸುಮಾರು 1220 ಮಿ.ಮೀ. ಇದೆ. ಕುರ್ಚಿಯ ಉದ್ದ ಅಳೆಯುವಾಗ ಚಕ್ರದಿಂದ ಚಕ್ರಕ್ಕೆ ಅಳೆಯಬೇಡಿ. ಕಾಲಿಡುವ ಪಟ್ಟಿಯಿಂದ ಆಚೆ ಚಾಚಿಕೊಂಡಿರುವ ಹೆಬ್ಬೆರಳ ತುದಿಯಿಂದ ಅಳೆಯಿರಿ.

ಈ ಹೆಬ್ಬೆರಳಿನ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ವಿನ್ಯಾಸ ಮಾಡಿದ ಮೊದಲ ಲಿಫ್ಟಿನಲ್ಲಿ ಹಲಗೆಯ ಹೊರ ಅಂಚಿಗೆ ಒಂದು ತಡೆಪಟ್ಟಿ ಇತ್ತು. ಹಲಗೆ ನೆಲ ಮುಟ್ಟಿದಾಗ ಅದು ಮಲಗಿ ದಾರಿ ಬಿಡಬೇಕು, ಹಲಗೆ ಮೇಲೇಳುತ್ತಲೇ ನಿಂತು ಕುರ್ಚಿಯನ್ನು ತಡೆಯಬೇಕು. ಆ ನಿಲ್ಲುವ ಕೆಲಸವನ್ನು ನಾನು ಒಂದು ಸ್ಪ್ರಿಂಗಿನ ಮೇಲೆ ನಂಬಿ ಬಿಟ್ಟಿದ್ದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಮೂರನೆಯ ತಿಂಗಳು ಹಿಂಜಿನೊಳಗೆ ಕೆಮ್ಮಣ್ಣು ಗ್ರೀಸಿನ ಜೊತೆ ಸೇರಿ ಅರೆದ ಮಸಾಲೆಯಂತಾಗಿ ಪಟ್ಟಿ ಅರ್ಧಕ್ಕೇ ನಿಂತಿತು. ಕುರ್ಚಿಯಲ್ಲಿದ್ದ ಹಿರಿಯರ ಪಾದ ಅದರ ಮೇಲೆ ಒರಗಿತ್ತು, ಹಲಗೆ ಏರುತ್ತಿತ್ತು. ಜೊತೆಗಿದ್ದವರು ಒತ್ತಿ ಹಿಡಿದಿದ್ದ ಗುಂಡಿ ಬಿಟ್ಟದ್ದರಿಂದ ಬೆರಳು ಉಳಿಯಿತು. ಅಂದಿನಿಂದ ತಡೆಪಟ್ಟಿಯನ್ನು ಹಲಗೆಯ ಚಲನೆಗೇ ಸರಳಿನ ಮೂಲಕ ಜೋಡಿಸುತ್ತೇನೆ, ಅದು ಪೂರ್ತಿ ನಿಂತು ಕೊಂಡಿಗೆ ಬೀಳದ ಹೊರತು ಪಂಪಿಗೆ ಕರೆಂಟು ಹೋಗದಂತೆ ಒಂದು ಸ್ವಿಚ್ಚನ್ನೂ ಇಡುತ್ತೇನೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಲಿಫ್ಟ್ ಚಲಿಸಬೇಕು, ಬಿಟ್ಟೊಡನೆ ನಿಲ್ಲಬೇಕು. ಇದರಲ್ಲಿ ರಾಜಿ ಬೇಡ.

ಇದಕ್ಕಿಂತಲೂ ದೊಡ್ಡ ಅಪಾಯ ಹಲಗೆಯ ಮೇಲಲ್ಲ, ಗಾಡಿಯ ಒಳಗೆ ಇದೆ. ಹಲಗೆ ಕೆಳಗಿರುವುದನ್ನು ಮರೆತು, ಅದು ಮೇಲೆಯೇ ಇದೆ ಎಂದುಕೊಂಡು, ಕುರ್ಚಿಯನ್ನು ಹಿಂದಕ್ಕೆ ಎಳೆದು ಖಾಲಿ ಬಾಗಿಲಿನಿಂದ ಕೆಳಗೆ ಕೆಡವುವುದು ಈ ಲಿಫ್ಟುಗಳ ಅತ್ಯಂತ ಕೆಟ್ಟ ಅಪಘಾತಗಳಲ್ಲಿ ಒಂದು. ಎಳೆಯುವವರ ಬೆನ್ನು ಬಾಗಿಲ ಕಡೆ ಇರುತ್ತದೆ, ಕಣ್ಣು ಕುರ್ಚಿಯ ಮೇಲಿರುತ್ತದೆ. ಆದ್ದರಿಂದ ಹೊಸ್ತಿಲಿನಿಂದ ಎರಡಡಿ ಒಳಗೆ ನೆಲಕ್ಕೆ ಎದ್ದುಕಾಣುವ ಹಳದಿ ಪಟ್ಟೆ ಬಳಿಯಿರಿ. ಹಲಗೆ ನೆಲದ ಮಟ್ಟದಲ್ಲಿ ಇಲ್ಲದಿರುವಾಗ ಆ ಪಟ್ಟೆಯ ಮೇಲೆ ಭಾರ ಬಿದ್ದರೆ ಕೂಗುವ ಒಂದು ಬಜರ್ ಹಾಕಿಸಿ. ಸಾಮಾನು ಅಗ್ಗವಾದದ್ದೇ, ಜೋಡಿಸಲು ಬಲ್ಲ ಎಲೆಕ್ಟ್ರಿಷಿಯನ್ ದಾವಣಗೆರೆಯ ಯಾವ ಗ್ಯಾರೇಜ್ ಸಾಲಿನಲ್ಲಾದರೂ ಸಿಗುತ್ತಾರೆ. ಇದೇ ವೈರಿಂಗಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಲಿಫ್ಟ್ ಚಲಿಸದಂತೆ, ಲಿಫ್ಟ್ ಮಡಿಚಿ ಕೊಂಡಿ ಹಾಕದೆ ಗಾಡಿ ಸ್ಟಾರ್ಟ್ ಆಗದಂತೆಯೂ ಮಾಡಿಸಿಕೊಳ್ಳಿ.

ಮಗನನ್ನು ಹಲಗೆಗೆ ಹತ್ತಿಸುವಾಗ ಹಿಮ್ಮುಖವಾಗಿ ಹತ್ತಿಸುವುದು ಒಳ್ಳೆಯದು. ಬ್ಯಾಟರಿ, ಮೋಟಾರು ಇರುವ ಕುರ್ಚಿಯ ಭಾರದ ತುದಿ ಗಾಡಿಯ ಕಡೆಗೆ ಬರುವುದರಿಂದ ಹಲಗೆ ಕಡಿಮೆ ವಾಲುತ್ತದೆ, ಮತ್ತು ಅವನಿಗೆ ಎದುರಿಗೆ ಬಯಲು ಕಾಣುತ್ತದೆ, ಮುಖ ಗಾಡಿಗೆ ತಗಲುವ ಭಯ ಇರುವುದಿಲ್ಲ. ಒಂದು ವಿಷಯವನ್ನು ಮಾತ್ರ ನಿಮ್ಮ ತಮ್ಮನಿಗೂ ಹೇಳಿ. ಬ್ಯಾಟರಿ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಮೋಟಾರಿನೊಳಗೇ ಇರುತ್ತದೆ. ಕೈಯಿಂದ ತಳ್ಳಲೆಂದು ಮೋಟಾರಿನ ಪಕ್ಕದ ಸನ್ನೆಯನ್ನು (ಲಿವರ್) ಬಿಡಿಸಿದ್ದರೆ ಆ ಕುರ್ಚಿಗೆ ಬ್ರೇಕೇ ಇಲ್ಲ. ನೋಡಲು ನಿಂತಂತಿರುತ್ತದೆ, ಸ್ವಲ್ಪ ಇಳಿಜಾರು ಸಿಕ್ಕರೆ ಹೊರಡುತ್ತದೆ. ಹಲಗೆಯ ಮೇಲೆ ನಿಂತ ಮೇಲೆ ಸನ್ನೆ ಹಾಕಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಕುರ್ಚಿಯ ಸ್ವಿಚ್ ಆರಿಸಿ, ಆಮೇಲೆ ಗುಂಡಿ ಒತ್ತಿ.

ಬ್ಯಾಟರಿ ಡೌನ್ ಆಗುತ್ತದೆಂಬ ನೆಂಟರ ಮಾತಿಗೆ ಲೆಕ್ಕವೇ ಉತ್ತರ. ಹಲಗೆ, ಕುರ್ಚಿ, ಮಗ, ಜೊತೆಗೊಬ್ಬರು ಸೇರಿ 300 ಕೆ.ಜಿ. ಎಂದಿಟ್ಟುಕೊಂಡರೂ, ಪಂಪು ಮತ್ತು ಸಂದುಗಳಲ್ಲಿ ವ್ಯರ್ಥವಾಗುವುದನ್ನು ಧಾರಾಳವಾಗಿ ಸೇರಿಸಿದರೂ, ಒಂದು ಸಲ ಎತ್ತಲು ಅರ್ಧ ಆಂಪಿಯರ್-ಗಂಟೆಯೂ ಖರ್ಚಾಗುವುದಿಲ್ಲ. ಇಳಿಯುವುದು ಸ್ವಂತ ಭಾರದಿಂದ, ಅದಕ್ಕೆ ವಾಲ್ವ್ ತೆರೆಯುವಷ್ಟು ಕರೆಂಟ್ ಸಾಕು. ಭರಮಸಾಗರದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಬರುವಷ್ಟರಲ್ಲಿ ಆಲ್ಟರ್ನೇಟರ್ ಅದನ್ನು ತುಂಬಿಬಿಟ್ಟಿರುತ್ತದೆ. ಹಾಗಾದರೆ ಲಿಫ್ಟ್ ಹಾಕಿಸಿದವರು ಬ್ಯಾಟರಿಯನ್ನು ದೂರುವುದೇಕೆ? ಒಟ್ಟು ಖರ್ಚು ಕಡಿಮೆಯಾದರೂ ಆ ಹದಿನೈದು ಸೆಕೆಂಡು ಮೋಟಾರು ಎಳೆಯುವ ಕರೆಂಟ್ ಬಹಳ, 80 ಆಂಪಿಯರ್ ಎಂದುಕೊಳ್ಳಿ. ಮುಂಭಾಗದ ಬ್ಯಾಟರಿಯಿಂದ ಹಿಂಬಾಗಿಲಿಗೆ ಹೋಗಿ ಬರಲು ಸುಮಾರು 10 ಮೀಟರ್ ತಂತಿ ಬೇಕು. ಅದಕ್ಕೆ 6 ಚದರ ಮಿ.ಮೀ. ತಾಮ್ರದ ತಂತಿ ಎಳೆದರೆ 12 ವೋಲ್ಟಿನಲ್ಲಿ 2.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ತಂತಿ ಬಿಸಿಯಾಗುತ್ತದೆ, ಮೋಟಾರು ನರಳುತ್ತದೆ, ಬೈಗುಳ ಬ್ಯಾಟರಿಗೆ ಬೀಳುತ್ತದೆ. 25 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಲಿಫ್ಟಿನ ಬಳಿ ಅಲ್ಲ. ಕರೆಂಟೇ ಹೋದರೆ ಎಂಬ ದಿನಕ್ಕೆ ಕೈಪಂಪು, ಇಳಿಸಲು ಕೈಯಿಂದ ತಿರುಗಿಸುವ ವಾಲ್ವ್ ಇರಲೇಬೇಕು. ತಿಂಗಳಿಗೊಮ್ಮೆ ಮಗನಿಲ್ಲದೆ ಖಾಲಿ ಹಲಗೆಯಲ್ಲಿ ಅದನ್ನು ಬಳಸಿ ನೋಡಿ, ಇಲ್ಲವಾದರೆ ಬೇಕಾದ ದಿನ ಅದರ ಹಿಡಿ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ರ‍್ಯಾಂಪ್ ಎಂಬುದು ಕೇಳಲು ಸರಳ. ಕಟ್ಟಡಗಳಿಗೆ ಹೇಳುವ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕೆಂದರೆ ನಿಮ್ಮ 690 ಮಿ.ಮೀ. ಎತ್ತರಕ್ಕೆ ಎಂಟು ಮೀಟರಿಗೂ ಉದ್ದದ ರ‍್ಯಾಂಪ್ ಬೇಕು, ಅದನ್ನು ಎಲ್ಲಿ ಮಡಿಚಿಡುತ್ತೀರಿ? ನಾಲ್ಕಕ್ಕೆ ಒಂದರಂತೆ ಮಾಡಿದರೆ ಉದ್ದ 2.8 ಮೀಟರಿಗೆ ಇಳಿಯುತ್ತದೆ, ಆದರೆ ಆಗ 150 ಕೆ.ಜಿ.ಯನ್ನು ಮೇಲಕ್ಕೆ ತಳ್ಳಲು 36 ಕೆ.ಜಿ.ಯಷ್ಟು ಒತ್ತಡವನ್ನು ಸೋತ ಸೊಂಟದ ನೀವು ಹಾಕಬೇಕು, ಇಳಿಸುವಾಗ ಅಷ್ಟೇ ಒತ್ತಡವನ್ನು ತಡೆದು ಹಿಡಿಯಬೇಕು. ಕುರ್ಚಿ ತನ್ನ ಮೋಟಾರಿನಿಂದಲೇ ಹತ್ತುತ್ತದೆ ಎಂದು ನಂಬಬೇಡಿ. ಹದಿನಾಲ್ಕು ಡಿಗ್ರಿಯ ಏರಿನಲ್ಲಿ ಅದು ಹಿಂದಕ್ಕೆ ಮಗುಚುವ ಸಾಧ್ಯತೆ ಇದೆ. ನೆಲ ತಗ್ಗಿರುವ ಸಣ್ಣ ಕಾರುಗಳಿಗೆ, ಹಗುರ ಕೈಗಾಲಿ ಕುರ್ಚಿಗೆ ರ‍್ಯಾಂಪ್ ಸರಿಯಾದ ಉತ್ತರ. ನಿಮ್ಮ ಗಾಡಿಗೂ ಕುರ್ಚಿಗೂ ಅಲ್ಲ. ಹೊರಕ್ಕೆ ತಿರುಗುವ ಸೀಟೂ ನಿಮಗೆ ಒದಗುವುದಿಲ್ಲ, 92 ಕೆ.ಜಿ. ಕುರ್ಚಿಯನ್ನು ಬೇರೆಯಾಗಿ ಎತ್ತುವವರಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಇನ್ನು ಹಿಂಬಾಗಿಲೋ ಪಕ್ಕದ ಬಾಗಿಲೋ ಎಂಬುದು. ನಿಮ್ಮ ಪತ್ರದಿಂದ ಹಿಂಬಾಗಿಲನ್ನೇ ನಿರ್ಧರಿಸಿದಂತಿದೆ, ಒಪ್ಪುತ್ತೇನೆ. 140 ಕೆ.ಜಿ. ಲಿಫ್ಟ್ ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಹಿಂದೆ ಕೂತರೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 40 ಕೆ.ಜಿ. ಕಡಿಮೆಯಾಗಿ, ಹಿಂದಿನ ಆಕ್ಸಲ್ ಸುಮಾರು 180 ಕೆ.ಜಿ. ಹೆಚ್ಚು ಹೊರುತ್ತದೆ. ಟಿ.ಟಿ.ಗೆ ಅದು ಭಾರವಲ್ಲ, ಆದರೆ ಹಿಂದಿನ ಸೀಟುಗಳನ್ನು ತೆಗೆದಿರಬೇಕು, ಹಿಂದಿನ ಟೈರಿನ ಗಾಳಿ ನೋಡಿಕೊಳ್ಳಬೇಕು. ಗಾಡಿಯ ನೆಲದ ಕೆಳಗೆ ಅವಿತುಕೊಳ್ಳುವ ಬಗೆಯ ಲಿಫ್ಟ್ ಬೇಡ. ನಮ್ಮ ರಸ್ತೆಯುಬ್ಬುಗಳೂ ಅದಿರು ಲಾರಿಗಳ ಧೂಳೂ ಅದನ್ನು ಬಹುಕಾಲ ಬಾಳಗೊಡುವುದಿಲ್ಲ. ಹಲಗೆ ರಸ್ತೆಮಟ್ಟಕ್ಕಿಂತ ಇನ್ನೂ 100-150 ಮಿ.ಮೀ. ಕೆಳಗೆ ಇಳಿಯುವಂತಿರಲಿ, ಊರಲ್ಲಿ ಗಾಡಿ ಡಾಂಬರಿನ ಮೇಲೂ ಹಲಗೆ ಮಣ್ಣಿನ ಮೇಲೂ ನಿಲ್ಲುವುದೇ ಹೆಚ್ಚು.

ಲಿಫ್ಟಿಗೆ 45,000 ಕೊಡಲು ಸಿದ್ಧರಿರುವವರು ಒಳಗೆ ಕುರ್ಚಿಯನ್ನು ಕಟ್ಟುವ ವ್ಯವಸ್ಥೆಯ ಬಗ್ಗೆ ಕೇಳುವುದೇ ಇಲ್ಲ, ನೀವೂ ಕೇಳಿಲ್ಲ. ಬ್ರೇಕ್ ಹಾಕಿದ್ದರೆ ಸಾಕು ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಗಾಲಿಕುರ್ಚಿ ಕಟ್ಟುವ ಪಟ್ಟಿಗಳನ್ನು ಅಂತರರಾಷ್ಟ್ರೀಯ ಮಾನಕದಲ್ಲಿ ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಗೆ, ಗುರುತ್ವದ ಇಪ್ಪತ್ತು ಪಟ್ಟು ಹೊಡೆತಕ್ಕೆ ಪರೀಕ್ಷಿಸುತ್ತಾರೆ. ಆ ಕ್ಷಣದಲ್ಲಿ ನಿಮ್ಮ 92 ಕೆ.ಜಿ. ಕುರ್ಚಿ ಒಂದೇ 1,800 ಕೆ.ಜಿ.ಗೂ ಮಿಕ್ಕಿ ಎಳೆಯುತ್ತದೆ. ಹಾಗಾಗಿ ಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು, ಪಕ್ಕಕ್ಕೆ ಎಂದೂ ಅಲ್ಲ. ನಾಲ್ಕು ಮೂಲೆಗೆ ನಾಲ್ಕು ಪಟ್ಟಿಗಳನ್ನು ಕುರ್ಚಿಯ ಗಟ್ಟಿ ಚೌಕಟ್ಟಿಗೇ ಬಿಗಿಯಬೇಕು. ಕೈಯಾನಿಕೆಗೆ, ಕಾಲುಪಟ್ಟಿಗೆ, ಚಕ್ರಕ್ಕೆ ಬಿಗಿಯಬಾರದು. ನೆಲದ ಕೊಕ್ಕೆಗಳು ತಗಡಿಗೆ ಅಲ್ಲ, ಅದರ ಕೆಳಗಿನ ಅಡ್ಡತೊಲೆಗೆ ದಪ್ಪ ಪ್ಲೇಟಿನೊಂದಿಗೆ ಬೋಲ್ಟ್ ಆಗಿರಬೇಕು. ಮಗನಿಗೆ ಸೊಂಟದಿಂದ ಹೆಗಲಿನವರೆಗೆ ಬೇರೆಯೇ ಸೀಟ್ ಬೆಲ್ಟ್ ಬೇಕು, ಅದರ ತುದಿಗಳು ಗಾಡಿಗೆ ಕಟ್ಟಿರಬೇಕು. ಕುರ್ಚಿಯ ಸ್ವಂತ ಬೆಲ್ಟ್ ಕೂರುವ ಭಂಗಿಗೆ ಇರುವುದು, ಡಿಕ್ಕಿಗೆ ಅಲ್ಲ. ಹಣ ಎರಡಕ್ಕೂ ಸಾಲದಿದ್ದರೆ ಮೊದಲು ಇದನ್ನು ಮಾಡಿಸಿ, ಲಿಫ್ಟ್ ಆರು ತಿಂಗಳು ತಡವಾಗಲಿ.

ಆರ್‌ಟಿಒ ವಿಷಯದಲ್ಲಿ ನೆಂಟರ ಮಾತು ಅರ್ಧ ಸರಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. ಆದರೆ 2019ರ ತಿದ್ದುಪಡಿಯಲ್ಲಿ, ನೋಂದಣಿ ಪ್ರಾಧಿಕಾರದ ಅನುಮೋದನೆಗೆ ಒಳಪಟ್ಟು ಸ್ವಂತ ವಾಹನವನ್ನು ಅಂಗವಿಕಲರ ಬಳಕೆಗೆ ಮಾರ್ಪಡಿಸಲು ಅವಕಾಶ ಕೊಡಲಾಗಿದೆ. ಬೆಸುಗೆಗೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಗಾಡಿ ನೋಂದಣಿ ಕೆಎ-16 ಆಗಿದ್ದರೆ ಚಿತ್ರದುರ್ಗದಲ್ಲಿ, ಕೆಎ-17 ಆಗಿದ್ದರೆ ದಾವಣಗೆರೆಯಲ್ಲಿ, ಮಗನ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಲಿಫ್ಟಿನ ನಕ್ಷೆಯೊಂದಿಗೆ ಅರ್ಜಿ ಕೊಡಿ. ಸೀಟುಗಳ ಸಂಖ್ಯೆ ಬದಲಾಗುವುದರಿಂದ ಆರ್‌ಸಿಯಲ್ಲೂ ಅದು ದಾಖಲಾಗಬೇಕು, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಬಾಡಿಗೆಯ ಆಸೆ ಬಿಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಮೇಲಾಗಿ ಹೀಗೆ ಮಾರ್ಪಡಿಸಿದ ವಾಹನವನ್ನು ಕಾಯ್ದೆ ಆ ವ್ಯಕ್ತಿಗಾಗಿ ಮಾತ್ರ ಬಳಸುವ ವಾಹನವೆಂದೇ ಗುರುತಿಸುತ್ತದೆ.

ಆಯ್ಕೆಗಳು ಉಳಿಯುವುದು ಎರಡು. ಸಿದ್ಧ ಲಿಫ್ಟನ್ನು ತಂದು ಕೂರಿಸುವುದಾದರೆ ಖರ್ಚು ಈ 45,000ಕ್ಕಿಂತ ಬಹಳ ಹೆಚ್ಚಾಗುತ್ತದೆ, ಬಿಡಿಭಾಗಕ್ಕೆ ಕಾಯಬೇಕಾಗುತ್ತದೆ, ಆದರೆ ಮೇಲೆ ಹೇಳಿದ ರಕ್ಷಣೆಗಳು ಅದರಲ್ಲೇ ಇರುತ್ತವೆ. ಖರೀದಿಸುವ ಮೊದಲು ಒಂದೊಂದನ್ನೂ ಕಣ್ಣಾರೆ ನೋಡಿ. ಇಲ್ಲಿಯೇ ಮಾಡಿಸುವುದಾದರೆ ಟ್ರೇಲರ್ ಜಾಕನ್ನು ಬಿಟ್ಟು, ಎರಡು ಸಣ್ಣ ಸಿಲಿಂಡರುಗಳ, ಹಲಗೆ ಮಟ್ಟವಾಗಿಯೇ ಏರಿಳಿಯುವ ಸಮಾಂತರ ತೋಳಿನ ಲಿಫ್ಟ್ ಮಾಡಿಸಿ, ಪಂಪು, ವಾಲ್ವ್, ಹೋಸುಗಳನ್ನು ಬ್ರಾಂಡಿನವೇ ಕೊಳ್ಳಿ. ನಿಮ್ಮ ಪರಿಚಯದವರ ಬೆಸುಗೆ ಒಳ್ಳೆಯದಿದ್ದರೆ ಚೌಕಟ್ಟನ್ನು ಅವರಿಂದಲೇ ಮಾಡಿಸಬಹುದು, ಅವರ ಕೈಕಸುಬಿನ ಬಗ್ಗೆ ನನಗೆ ತಕರಾರಿಲ್ಲ. ನನ್ನ ಒಲವು ಮೊದಲನೆಯದರ ಕಡೆಗೆ. ಆದರೆ ಎಷ್ಟೋ ಮನೆಗಳಿಗೆ ಎರಡನೆಯದೇ ಸಾಧ್ಯವಾದದ್ದು ಎಂಬುದೂ ನನಗೆ ಗೊತ್ತು.

ಯಾವುದಾದರೂ ಸರಿ, ಪೂರ್ತಿ ಹಣ ಕೊಡುವ ಮೊದಲು 50 ಕೆ.ಜಿ.ಯ ಆರು ಸಿಮೆಂಟ್ ಚೀಲಗಳನ್ನು ಹಲಗೆಯ ಮೇಲಿಟ್ಟು, ಗಾಡಿಯ ನೆಲದ ಮಟ್ಟಕ್ಕೆ ಎತ್ತಿ, ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಗ್ಗೆ ಹಲಗೆ ಗೆರೆಯಿಂದ ಎಷ್ಟು ಜಾರಿದೆ ಎಂದು ಅಳೆಯಿರಿ. ಒಂದೆರಡು ಮಿ.ಮೀ. ಆದರೆ ಚಿಂತೆಯಿಲ್ಲ, ಬೆರಳು ತೂರುವಷ್ಟಾಗಿದ್ದರೆ ವಾಲ್ವ್ ಸೋರುತ್ತಿದೆ, ಬದಲಿಸಿಕೊಡುವವರೆಗೆ ಗಾಡಿ ತರಬೇಡಿ. ಅದಕ್ಕೂ ಮೊದಲು ಬಾಗಿಲಿನ ಎತ್ತರ, ಮಗನ ನೆತ್ತಿಯ ಎತ್ತರ, ಈ ಎರಡು ಅಳತೆಗಳನ್ನು ಬರೆದು ಕಳಿಸಿ.